ನಮ್ಮೂರ ಕೆರೆ ಯಾವುದರಿಂದ ಆಯ್ತು?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ತುಮಕೂರು ಜಿಲ್ಲೆಯವರು. ಮಗಳು ಏಳನೇ ತರಗತಿ. ಸರೋವರಗಳು ಹಿಮನದಿಯಿಂದ, ಜ್ವಾಲಾಮುಖಿಯಿಂದ, ನೆಲ ಕುಸಿದು ಆಗುತ್ತವೆ ಅಂತ ಅವಳ ಪಾಠದಲ್ಲಿದೆ. "ಹಾಗಾದರೆ ನಮ್ಮೂರ ಕೆರೆ ಯಾವುದರಿಂದ ಆಯ್ತು ಅಪ್ಪ?" ಅಂತ ಕೇಳಿದಳು. ನನಗೆ ಹೇಳಲು ಬರಲಿಲ್ಲ. ಇನ್ನೊಂದು ವಿಷಯ. ಎರಡು ವರ್ಷದ ಹಿಂದೆ ಊರಾಚೆ ಗೋಮಾಳದಲ್ಲಿ, ಸ್ವಲ್ಪ ದಿಬ್ಬದ ಮೇಲೆ, 'ಹೊಸ ಕೆರೆ' ಅಂತ ಜೆಸಿಬಿಯಲ್ಲಿ ದೊಡ್ಡ ಗುಂಡಿ ತೋಡಿದರು. ಸುಮಾರು 40 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ. ತೋಡಿದ ಮಣ್ಣನ್ನು ಸುತ್ತಲೂ ಏರಿ ಥರ ಹಾಕಿದ್ದಾರೆ. ಎರಡು ಮಳೆಗಾಲ ಕಳೆದವು. ಮಂಡಿಯುದ್ದ ನೀರು ಬರುತ್ತೆ, ದೀಪಾವಳಿ ಹೊತ್ತಿಗೆ ಖಾಲಿ. ಹಳೇ ಕೆರೆಯಲ್ಲಿ ಮಾತ್ರ ಬೇಸಿಗೆಗೂ ನೀರಿರುತ್ತೆ. ಹೀಗೇಕೆ?

ಉತ್ತರ: ನಿಮ್ಮ ಮಗಳ ಪ್ರಶ್ನೆ ಓದಿ ಬಹಳ ಖುಷಿಯಾಯಿತು. ಅವಳಿಗೆ ಮೊದಲು ಇದನ್ನು ಹೇಳಿ: ನಿಮ್ಮೂರ ಕೆರೆ ಪಾಠದ ಆ ಪಟ್ಟಿಯಲ್ಲಿ ಇಲ್ಲ. ಅದು ತಾನಾಗಿ ಆದದ್ದಲ್ಲ. ಯಾರೋ ಕಟ್ಟಿದ್ದು.

ಕಟ್ಟಿದ್ದು ಎಂಬ ಮಾತನ್ನು ಗಮನಿಸಿ. ಬಾವಿಯನ್ನು ತೋಡುತ್ತೇವೆ, ಕೆರೆಯನ್ನು ಕಟ್ಟುತ್ತೇವೆ. ಬಯಲುಸೀಮೆಯ ಹಿರಿಯರು ಈ ಎರಡು ಮಾತುಗಳನ್ನು ಸುಮ್ನೆ ಬೇರೆ ಬೇರೆ ಇಟ್ಟುಕೊಂಡಿಲ್ಲ. ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಅಲ್ಲೇ ಇದೆ. ಊರಾಚೆ ನಡೆದದ್ದು ತೋಡುವ ಕೆಲಸ. ಅಲ್ಲಿ ಹರಿಯುವ ನೀರಿಗೆ ಅಡ್ಡವಾಗಿ ಯಾರೂ ಏನನ್ನೂ ಕಟ್ಟಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದಕ್ಕೆ ಮೊದಲು ಪ್ರಕೃತಿ ಹೇಗೆ ಕಟ್ಟುತ್ತದೆ ಎಂದು ನೋಡೋಣ.

ಎಲ್ಲೇ ಆಗಲಿ, ನೀರು ನಿಲ್ಲಬೇಕಾದರೆ ಒಂದು ತಗ್ಗು ಬೇಕು. ಮುಂದಕ್ಕೆ ಹರಿದು ಹೋಗದಂತೆ ಒಂದು ತಡೆ ಬೇಕು. ಹೋಗುವ ನೀರಿಗಿಂತ ಬರುವ ನೀರು ಕಡಿಮೆ ಆಗಬಾರದು. ನೀರು ಹೋಗುವುದು ಮೂರು ದಾರಿಯಲ್ಲಿ: ಹರಿದು, ಇಂಗಿ, ಆವಿಯಾಗಿ. ಸರೋವರ ಹುಟ್ಟುವುದೂ ಉಳಿಯುವುದೂ ಸಾಯುವುದೂ ಇಷ್ಟರ ಮೇಲೆಯೇ ನಿಂತಿದೆ.

ತಗ್ಗು ಮಾಡುವುದರಲ್ಲಿ ಹಿಮಕ್ಕೆ ಸಾಟಿಯಿಲ್ಲ. ಕೊನೆಯ ಹಿಮಯುಗದಲ್ಲಿ ಕಿಲೋಮೀಟರುಗಟ್ಟಲೆ ದಪ್ಪದ ಹಿಮ ಉತ್ತರ ಅಮೆರಿಕ ಮತ್ತು ಉತ್ತರ ಯುರೋಪಿನ ಮೇಲೆ ಕೂತಿತ್ತು. ಅದು ನಿಧಾನಕ್ಕೆ ಜರುಗುತ್ತಾ ಬಂಡೆಯನ್ನೇ ಕೆರೆದು ಹಳ್ಳ ಮಾಡಿತು. ಕರಗಿದಾಗ ಆ ಹಳ್ಳಗಳು ತುಂಬಿದವು. ಅಮೆರಿಕದ ಐದು ಮಹಾ ಸರೋವರಗಳು ಹಾಗೆ ಆದವು. ಫಿನ್ಲೆಂಡ್ ಒಂದರಲ್ಲೇ ಚಿಕ್ಕದು ದೊಡ್ಡದು ಸೇರಿ ಸುಮಾರು 1,88,000 ಇವೆ. ನಮ್ಮ ಹಿಮಾಲಯದಲ್ಲೂ ಹಿಮನದಿ ತಾನೇ ತಳ್ಳಿಕೊಂಡು ಬಂದ ಕಲ್ಲುಮಣ್ಣಿನ ದಿಬ್ಬದ ಹಿಂದೆ ನೀರು ನಿಲ್ಲುತ್ತದೆ. 2013ರಲ್ಲಿ ಕೇದಾರನಾಥದ ಮೇಲೆ ಒಡೆದ ಚೋರಾಬಾರಿ ತಾಲ್, 2023ರ ಅಕ್ಟೋಬರಿನಲ್ಲಿ ಸಿಕ್ಕಿಂನಲ್ಲಿ ಉಕ್ಕಿ ತೀಸ್ತಾ ನದಿಯ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋದ ದಕ್ಷಿಣ ಲೋನಕ್ ಸರೋವರ, ಎರಡೂ ಹಿಮ ಕೂಡಿಟ್ಟ ನೀರೇ.

ನೆಲವೇ ಬಿರಿದು ಕುಸಿದರೆ ಆಳವಾದ ಸರೋವರ ಆಗುತ್ತದೆ. ರಷ್ಯಾದ ಬೈಕಲ್ ಅಂಥದ್ದು. ಆಳ 1,642 ಮೀಟರ್, ವಯಸ್ಸು ಸುಮಾರು ಎರಡೂವರೆ ಕೋಟಿ ವರ್ಷ. ಅದರ ಬಿರುಕು ಇನ್ನೂ ಅಗಲವಾಗುತ್ತಲೇ ಇದೆ. ಮುನ್ನೂರಕ್ಕೂ ಹೆಚ್ಚು ನದಿಗಳು ಅದಕ್ಕೆ ಬಂದು ಸೇರುತ್ತವೆ. ಹೊರಗೆ ಹೋಗುವುದು ಅಂಗಾರ ಎಂಬ ಒಂದೇ ನದಿ. ಜ್ವಾಲಾಮುಖಿಯ ಬಾಯಿ ಕುಸಿದು ಆದದ್ದಕ್ಕೆ ಇಂಡೋನೇಷ್ಯಾದ ತೋಬಾ ಒಳ್ಳೆಯ ಉದಾಹರಣೆ. ಸುಮಾರು 74 ಸಾವಿರ ವರ್ಷದ ಹಿಂದೆ ಅದು ಸಿಡಿದಾಗ ಹಾರಿದ ಬೂದಿ ಪಕ್ಕದ ಆಂಧ್ರದ ಕರ್ನೂಲು ಸೀಮೆಯ ಮಣ್ಣಿನಲ್ಲಿ ಈಗಲೂ ಸಿಗುತ್ತದೆ. ನದಿ ತನ್ನ ಬಳುಕನ್ನು ಬಿಟ್ಟು ನೇರ ಹರಿದಾಗ ಹಿಂದೆ ಉಳಿಯುವ ಬಿಲ್ಲಿನಾಕಾರದ ನೀರು ಇನ್ನೊಂದು ಬಗೆ. ಬಿಹಾರದ ಕಾವರ್ ತಾಲ್ ಹಾಗೆ ಆದದ್ದು. ಸಮುದ್ರ ಮರಳುದಿಣ್ಣೆ ಹಾಕಿ ಒಳಗೆ ನೀರು ಹಿಡಿದಿಟ್ಟರೆ ಒಡಿಶಾದ ಚಿಲಿಕಾ.

ಈ ಪಟ್ಟಿಗೆ ಸೇರುವ ಇನ್ನೆರಡರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಿಮ್ಮ ಗುಂಡಿಯನ್ನೂ ಹಳೇ ಕೆರೆಯನ್ನೂ ಅರ್ಥ ಮಾಡಿಕೊಳ್ಳಲು ಅವು ಬೇಕಾಗುತ್ತವೆ.

ಮೊದಲನೆಯದು ಮಹಾರಾಷ್ಟ್ರದ ಲೋಣಾರ್. ಬುಲ್ಢಾಣಾ ಜಿಲ್ಲೆಯಲ್ಲಿದೆ. ಆಕಾಶದಿಂದ ಬಂದ ಉಲ್ಕೆಯೊಂದು ಗಟ್ಟಿ ಕಪ್ಪು ಶಿಲೆಗೆ ಬಡಿದು ಸುಮಾರು 1.8 ಕಿಲೋಮೀಟರ್ ಅಗಲದ ಕುಳಿ ಮಾಡಿತು. ಕಲ್ಲಿನಲ್ಲಿ ಕೂಡಿಕೊಂಡ ಆರ್ಗಾನ್ ಅನಿಲವನ್ನು ಅಳೆದು ಲೆಕ್ಕ ಹಾಕಿದಾಗ ಸಿಕ್ಕ ವಯಸ್ಸು ಸುಮಾರು 5.7 ಲಕ್ಷ ವರ್ಷ. ಕುಳಿಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ ಒಂದು ದೊಡ್ಡ ಬಟ್ಟಲಿನ ತಳದಲ್ಲಿ ಹಸಿರು ನೀರು. ಬಟ್ಟಲು ಎಂದೆ ನೋಡಿ, ಅದೇ ಮುಖ್ಯ. ಸುತ್ತಲೂ ಅಂಚು ಎದ್ದಿದೆ. ಊಟೆಯ ನೀರು, ಅಂದರೆ ನೆಲದೊಳಗಿನಿಂದ ಉಕ್ಕುವ ನೀರು, ಮತ್ತು ಮಳೆ ನೀರು ಒಳಗೆ ಬರುತ್ತದೆ. ಹರಿದು ಹೊರಗೆ ಹೋಗಲು ದಾರಿಯಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿದ್ದ ಉಪ್ಪು ಮಾತ್ರ ಉಳಿಯುತ್ತದೆ. ವರ್ಷ ವರ್ಷವೂ ಹೀಗೇ ಆಗಿ ಆ ನೀರು ಉಪ್ಪುಪ್ಪಾಗಿ, ಕ್ಷಾರವಾಗಿದೆ. 2020ರ ಜೂನಿನಲ್ಲಿ ಅದು ಗುಲಾಬಿ ಬಣ್ಣಕ್ಕೆ ತಿರುಗಿದ್ದು ನೆನಪಿರಬಹುದು. ನೀರು ಇಳಿದು ಉಪ್ಪು ಏರಿದಾಗ, ಉಪ್ಪಿನಲ್ಲೇ ಬದುಕುವ ಸೂಕ್ಷ್ಮಜೀವಿಗಳು ಹೆಚ್ಚಿ ಆ ಬಣ್ಣ ಬಂತು ಎಂದು ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಯವರು ಪರೀಕ್ಷಿಸಿ ಹೇಳಿದರು.

ಎರಡನೆಯದು ಉತ್ತರಾಖಂಡದ ಗಢವಾಲದ ಗೋಹನಾ ತಾಲ್. 1893ರ ಸೆಪ್ಟೆಂಬರಿನಲ್ಲಿ ಬಿರಹಿ ಗಂಗಾ ಎಂಬ ಸಣ್ಣ ನದಿಯ ಕಣಿವೆಗೆ ಗುಡ್ಡವೊಂದು ಕುಸಿದು ಬಿತ್ತು. ಸುಮಾರು 900 ಅಡಿ ಎತ್ತರದ ತಡೆ ಒಂದೇ ಸಲಕ್ಕೆ ಎದ್ದಿತು. ಅದರ ಹಿಂದೆ ನೀರು ಏರತೊಡಗಿತು. ಅಂದಿನ ಎಂಜಿನಿಯರರು ಅದನ್ನು ನೋಡಿ, ಇದು ತುಂಬಲು ಮುಂದಿನ ವರ್ಷದ ಆಗಸ್ಟ್ ಆಗುತ್ತದೆ, ಆಮೇಲೆ ಒಡೆಯುತ್ತದೆ ಎಂದು ಲೆಕ್ಕ ಹಾಕಿದರು. ಕೆಳಗಿನ ಊರುಗಳವರೆಗೆ ಟೆಲಿಗ್ರಾಫ್ ತಂತಿ ಎಳೆಸಿದರು. ಸೇತುವೆಗಳನ್ನು ಬಿಚ್ಚಿಸಿದರು. ನದಿ ದಂಡೆಯ ಜನರನ್ನು ಮೇಲಕ್ಕೆ ಕಳಿಸಿದರು. 1894ರ ಆಗಸ್ಟ್ 25ರ ರಾತ್ರಿ ಅದು ಒಡೆಯಿತು. ಗಢವಾಲದ ಶ್ರೀನಗರ ಪಟ್ಟಣ ಕೊಚ್ಚಿಹೋಯಿತು. ಸತ್ತವರು ಐದೇ ಜನ. ಬೇಡವೆಂದರೂ ವಾಪಸು ಹೋದ ಒಬ್ಬ ಫಕೀರ ಮತ್ತು ಅವನ ಮನೆಯವರು. ನೂರಮೂವತ್ತು ವರ್ಷದ ಹಿಂದೆ ಅಷ್ಟು ಜನರನ್ನು ಉಳಿಸಿದ ಆ ಲೆಕ್ಕದ ಬಗ್ಗೆ ನನಗೆ ಇಂದಿಗೂ ಗೌರವ.

ಗೋಹನಾ ಯಾಕೆ ಒಡೆಯಿತು? ತಡೆ ಇತ್ತು, ಹೆಚ್ಚಾದ ನೀರು ಹೊರಗೆ ಹೋಗುವ ಕೋಡಿ ಇರಲಿಲ್ಲ. ತುಂಬಿದ ನೀರು ಸಡಿಲ ಮಣ್ಣಿನ ತಲೆಯ ಮೇಲೆ ಹರಿಯಿತು. ಹರಿಯುತ್ತಾ ಅದನ್ನೇ ಕೊರೆಯಿತು. ಮಣ್ಣಿನ ಏರಿಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ತಜಿಕಿಸ್ತಾನದಲ್ಲಿ 1911ರ ಭೂಕಂಪಕ್ಕೆ ಗುಡ್ಡ ಬಿದ್ದು ಸರೇಜ್ ಎಂಬ ಸರೋವರ ಆಯಿತು. ಅಲ್ಲಿನ ತಡೆ ಸುಮಾರು 567 ಮೀಟರ್ ಎತ್ತರ. ಮನುಷ್ಯ ಕಟ್ಟಿದ ಯಾವ ಅಣೆಕಟ್ಟೂ ಅಷ್ಟು ಎತ್ತರ ಇಲ್ಲ. ಅದು ಇಂದಿಗೂ ನಿಂತಿದೆ. ಅಲ್ಲಿ ಬಂಡೆಗಳ ಸಂದಿನಿಂದ ನೀರು ಸೋರಿ ಕೆಳಗೆ ಊಟೆಯಾಗಿ ಹರಿದು ಹೋಗುತ್ತದೆ, ನೀರು ತಲೆಯ ಮೇಲೆ ಬರುವುದೇ ಇಲ್ಲ. ಅಂದರೆ ಆ ಸರೋವರಕ್ಕೂ ಒಂದು ಬಗೆಯ ತೂಬು ತಾನಾಗಿ ಸಿಕ್ಕಿದೆ.

ಈಗ ನಿಮ್ಮ ಜಿಲ್ಲೆಗೆ ಬರೋಣ. ನಮ್ಮ ಪ್ರಸ್ಥಭೂಮಿಯಲ್ಲಿ ತಾನಾಗಿ ಆದ ಸರೋವರ ಯಾಕೆ ಅಪರೂಪ? ನಮ್ಮ ನೆಲ ತೀರಾ ಹಳೆಯದು. ಬೆಂಗಳೂರಿನ ಲಾಲ್‌ಬಾಗ್ ಬಂಡೆ ನೋಡಿದ್ದೀರಲ್ವಾ? ಅದಕ್ಕೆ ಸುಮಾರು 300 ಕೋಟಿ ವರ್ಷ. ಸರೋವರಕ್ಕೆ ನದಿಯೇ ತಾಯಿ, ನದಿಯೇ ಮೃತ್ಯು. ಮೇಲಿನಿಂದ ಹೂಳು ತಂದು ತುಂಬುತ್ತದೆ. ಕೆಳಗಡೆ ನೀರು ಹೊರಹೋಗುವ ತುಟಿಯನ್ನು ಕೊರೆದು ಬರಿದು ಮಾಡುತ್ತದೆ. ಸಾಕಷ್ಟು ಕಾಲ ಕೊಟ್ಟರೆ ಯಾವ ತಗ್ಗೂ ಉಳಿಯುವುದಿಲ್ಲ. ನಮ್ಮ ನದಿಗಳಿಗೆ ಬೇಕಾದಷ್ಟು ಕಾಲ ಸಿಕ್ಕಿತ್ತು. ಹೊಸದಾಗಿ ತಗ್ಗು ಮಾಡಲು ಕೊನೆಯ ಹಿಮಯುಗದ ಹಿಮ ಇಲ್ಲಿಗೆ ಬರಲಿಲ್ಲ. ಇತ್ತೀಚಿನ ಜ್ವಾಲಾಮುಖಿಯಿಲ್ಲ, ದೊಡ್ಡ ಬಿರುಕಿಲ್ಲ. ಉಳಿದದ್ದು ಮೆಲ್ಲಗೆ ಇಳಿಯುವ ಕಣಿವೆಗಳು, ನಾಲ್ಕು ತಿಂಗಳು ಮಾತ್ರ ನೀರು ಹರಿಯುವ ಹಳ್ಳಗಳು.

ಅಂದರೆ ಕಣಿವೆಯ ತಗ್ಗು ಇತ್ತು, ಮಳೆಗಾಲದಲ್ಲಿ ನೀರೂ ಇತ್ತು. ತಡೆ ಒಂದು ಇರಲಿಲ್ಲ. ನಮ್ಮ ಜನ ಹಾಕಿದ್ದು ಆ ತಡೆಯನ್ನು. ಇವತ್ತು ಕರ್ನಾಟಕದಲ್ಲಿ ಲೆಕ್ಕಕ್ಕೆ ಸಿಗುವ ಕೆರೆಗಳೇ ಸುಮಾರು 36 ಸಾವಿರ. ಇವುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಮನುಷ್ಯರು ಕಟ್ಟಿದವು. ಊರಿನ ಹೆಸರುಗಳನ್ನೇ ನೋಡಿ. ಅರಸೀಕೆರೆ, ಕಟ್ಟೆ ಎಂದು ಮುಗಿಯುವ ಊರುಗಳು, ಸಮುದ್ರ ಎಂದು ಮುಗಿಯುವ ಊರುಗಳು. ಹೊಯ್ಸಳರ ರಾಜಧಾನಿ, ಇಂದಿನ ಹಳೇಬೀಡು, ದ್ವಾರಸಮುದ್ರ ಅನ್ನಿಸಿಕೊಂಡದ್ದೂ ಕೆರೆಯಿಂದಲೇ. ಕಡಲಿಲ್ಲದ ಕಡೆ ಸಮುದ್ರಗಳನ್ನು ಕಟ್ಟಿದ ಜನ ಅವರು.

ಕಟ್ಟುವವರು ಮೊದಲು ಹುಡುಕುತ್ತಿದ್ದುದು ಕಣಿವೆಯ ಕುತ್ತಿಗೆಯನ್ನು. ಎರಡು ಗುಡ್ಡ ಹತ್ತಿರ ಬಂದು, ಹಿಂದೆ ನೆಲ ಅಗಲವಾಗಿ ಹರಡಿರುವ ಜಾಗ. ಅಲ್ಲಿ ಸಣ್ಣ ಏರಿ ಹಾಕಿದರೆ ದೊಡ್ಡ ನೀರು ನಿಲ್ಲುತ್ತದೆ. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ, ಜನರ ಬಾಯಲ್ಲಿ ಸೂಳೆಕೆರೆ, ಇದನ್ನು ಅರಿಯಲು ಹೇಳಿಮಾಡಿಸಿದ ಜಾಗ. ಹರಿದ್ರಾ ಹಳ್ಳ ಎರಡು ಗುಡ್ಡಗಳ ನಡುವೆ ನುಸುಳುವ ಕಡೆ ಹಾಕಿದ ಏರಿ ಉದ್ದದಲ್ಲಿ ಸುಮಾರು 950 ಅಡಿ, ಅಷ್ಟೇ. ಅದರ ಹಿಂದೆ ತುಂಬಿದಾಗ ನಿಲ್ಲುವ ನೀರು ಸುಮಾರು 6,500 ಎಕರೆ. ಹಿರಿಯೂರಿನ ಹತ್ತಿರ ವೇದಾವತಿಗೆ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರವೂ ಇದೇ ಉಪಾಯ. ಮಾರಿಕಣಿವೆ ಎಂಬ ಅದರ ಇನ್ನೊಂದು ಹೆಸರಿನಲ್ಲೇ ಕಣಿವೆ ಇದೆ. ಆದರೆ ತಡೆ ಎಷ್ಟೇ ಚೆನ್ನಾಗಿರಲಿ, ನೀರಿನ ಲೆಕ್ಕ ಬೇರೆ. 1933ರಲ್ಲಿ ಒಮ್ಮೆ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಅಜ್ಜಿ ಹೇಳಿದ್ದನ್ನು ಮೊಮ್ಮಕ್ಕಳು ನೋಡಿದರು.

ಈ ವಿದ್ಯೆಯನ್ನು ಕಲ್ಲಿನ ಮೇಲೆ ಬರೆದಿಟ್ಟವರೂ ಇದ್ದಾರೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ, ಈಗಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ 1369ರಲ್ಲಿ ಶಾಸನ ಹಾಕಿಸಿದ. ಎರಡು ವರ್ಷ ದಿನಕ್ಕೆ ಸಾವಿರ ಆಳು ದುಡಿದರು, ನೂರು ಬಂಡಿ ಓಡಿದವು ಎಂದು ಅದರಲ್ಲಿದೆ. ನನಗೆ ಅದಕ್ಕಿಂತ ಬೆಲೆಯುಳ್ಳದ್ದು ಅನ್ನಿಸುವುದು ಅಲ್ಲಿರುವ ಪಟ್ಟಿ. ಒಳ್ಳೆಯ ಕೆರೆಗೆ ಹನ್ನೆರಡು ಅಂಗ, ಕೆಟ್ಟ ಕೆರೆಗೆ ಆರು ದೋಷ. ಗಟ್ಟಿ ಜೇಡಿಯ ನೆಲ ಇರಬೇಕು. ಸಿಹಿನೀರಿನ ಹೊಳೆ ಇರಬೇಕು. ಗುಡ್ಡದ ಎರಡು ತುದಿಗಳ ನಡುವೆ ಏರಿ ಬರಬೇಕು, ಅದು ತೀರಾ ಉದ್ದ ಆಗಬಾರದು. ಹತ್ತಿರದಲ್ಲೇ ಕಲ್ಲು ಸಿಗಬೇಕು. ನೀರಿನ ಶಾಸ್ತ್ರ ತಿಳಿದವನು ಬೇಕು, ಕೆಲಸ ಬಲ್ಲ ಆಳುಗಳು ಬೇಕು. ದೋಷಗಳಲ್ಲಿ ಏರಿ ಸೋರುವುದು ಒಂದು. ಉಪ್ಪು ಮಣ್ಣು ಒಂದು. ಎರಡು ರಾಜ್ಯದ ಗಡಿಯಲ್ಲಿ ಇರುವುದು ಒಂದು. ಕೆರೆಯ ನಡುವೆ ಆಮೆಯ ಬೆನ್ನಿನಂತೆ ದಿಬ್ಬ ಇರುವುದು ಒಂದು. ನೀರು ಕಡಿಮೆ ಭೂಮಿ ಜಾಸ್ತಿ, ಅಥವಾ ಭೂಮಿ ಕಡಿಮೆ ನೀರು ಜಾಸ್ತಿ, ಇವೂ ದೋಷಗಳೇ. 650 ವರ್ಷ ಹಳೆಯ ಈ ಪಟ್ಟಿ ಹಿಡಿದುಕೊಂಡು ನಿಮ್ಮ ಗೋಮಾಳಕ್ಕೆ ಹೋದರೂ ತಪ್ಪು ಎಲ್ಲಿದೆ ಎಂದು ಗೊತ್ತಾಗುತ್ತದೆ.

ನಿಮ್ಮ ಹಳೇ ಕೆರೆಯ ಏರಿಯ ಮೇಲೆ ಒಮ್ಮೆ ಮಗಳನ್ನು ಕರೆದುಕೊಂಡು ನಡೆಯಿರಿ. ಏರಿ ಬರೀ ಮಣ್ಣಿನ ಗುಡ್ಡೆ ಅಲ್ಲ. ಪದರ ಪದರವಾಗಿ ಮಣ್ಣು ಹಾಕಿ, ನೀರು ಚಿಮುಕಿಸಿ, ತುಳಿಸಿ ಗಟ್ಟಿ ಮಾಡಿದ್ದು. ನೀರಿನ ಕಡೆಗೆ ಅಲೆ ಬಡಿಯದಂತೆ ಕಲ್ಲು ಜೋಡಿಸಿರುತ್ತಾರೆ. ನೀರಿನೊಳಗೆ ಎರಡು ಕಲ್ಲುಕಂಬ ನಿಂತಿದ್ದರೆ ಅದು ತೂಬು. ಅಚ್ಚುಕಟ್ಟಿನ ಗದ್ದೆಗೆ ನೀರು ಬಿಡುವುದು ಅಲ್ಲಿಂದ. ಏರಿಯ ಒಂದು ತುದಿಯಲ್ಲಿ, ಸಾಮಾನ್ಯವಾಗಿ ಗಟ್ಟಿ ನೆಲ ಅಥವಾ ಬಂಡೆ ಸಿಗುವ ಕಡೆ, ಏರಿಗಿಂತ ತಗ್ಗಾಗಿ ಕಲ್ಲಿನ ಕೋಡಿ ಇರುತ್ತದೆ. ಕೆರೆ ತುಂಬಿದರೆ ನೀರು ಏರಿಯ ತಲೆಗೆ ಏರುವ ಮೊದಲೇ ಅಲ್ಲಿಂದ ಹೋಗುತ್ತದೆ. ಗೋಹನಾಕ್ಕೆ ಇಲ್ಲದ್ದು ನಿಮ್ಮೂರ ಕೆರೆಗೆ ಇದೆ. ಕೋಡಿಯ ನೀರು ಕೆಳಗಿನ ಊರಿನ ಕೆರೆಗೆ ಹೋಗುತ್ತದೆ, ಅಲ್ಲಿಂದ ಇನ್ನೊಂದಕ್ಕೆ. ಹಾಗೆ ಹರಿದು ಹೋಗುವುದರಿಂದಲೇ ನಮ್ಮ ಕೆರೆಗಳು ಲೋಣಾರ್‌ನಂತೆ ಉಪ್ಪಾಗಲಿಲ್ಲ.

ಈ ಕೆಲಸ ಮಾಡಿದ ಕೈಗಳ ಹೆಸರು ಶಾಸನಗಳಲ್ಲಿ ಹೆಚ್ಚು ಸಿಗುವುದಿಲ್ಲ. ಮಣ್ಣು ಹೊತ್ತವರು, ಕಲ್ಲು ಒಡೆದವರು ಬಹುಪಾಲು ಭೋವಿ ಸಮುದಾಯದವರು. ನೀರು ಬಿಟ್ಟು ಕಾಯ್ದವರು ನೀರಗಂಟಿಗಳು. ಕೆರೆ ನೋಡಿಕೊಳ್ಳುವುದಕ್ಕೆಂದೇ ಭೂಮಿ ಬಿಡುವ ಬಿತ್ತುವಟ್ಟ ಎಂಬ ಪದ್ಧತಿ ಇತ್ತು. ಕಟ್ಟಿದ ಮೇಲೂ ಕೆಲಸ ಮುಗಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಇನ್ನು ನಿಮ್ಮ ಹೊಸ ಗುಂಡಿ. ಒಂದು ಸಣ್ಣ ಲೆಕ್ಕ ಮಾಡೋಣ. ಮಗಳ ಜೊತೆ ಕೂತು ಮಾಡಿ, ಏಳನೇ ತರಗತಿಯ ಗಣಿತ ಸಾಕು.

ಗುಂಡಿ ತುಂಬಲು ಬೇಕಾದ ನೀರು 40×40×3, ಅಂದರೆ 4,800 ಘನ ಮೀಟರ್. ನಿಮ್ಮ ಕಡೆ ವರ್ಷದ ಮಳೆ 650 ಮಿಲಿಮೀಟರ್ ಎಂದು ಇಟ್ಟುಕೊಳ್ಳಿ. ಗುಂಡಿಯ ಮೇಲೆಯೇ ಬೀಳುವ ಮಳೆ 1,040 ಘನ ಮೀಟರ್. ಬಯಲುಸೀಮೆಯ ಬಿಸಿಲಿಗೆ ತೆರೆದ ನೀರು ವರ್ಷಕ್ಕೆ ಒಂದೂವರೆ ಮೀಟರಿನ ಆಸುಪಾಸು ಆವಿಯಾಗುತ್ತದೆ. ಅದು 2,400 ಘನ ಮೀಟರ್. ಅಂದರೆ ಬೀಳುವುದರ ಎರಡು ಪಟ್ಟಿಗಿಂತ ಜಾಸ್ತಿ ಹಾರಿಹೋಗುತ್ತದೆ. ನಮ್ಮ ಸೀಮೆಯಲ್ಲಿ ತನ್ನ ಮೇಲೆ ಬಿದ್ದ ಮಳೆಯಿಂದಲೇ ಯಾವ ಕೆರೆಯೂ ಬದುಕಲಾರದು. ಬೇರೆ ನೆಲದ ನೀರು ಹರಿದು ಬರಲೇಬೇಕು.

ಎಷ್ಟು ನೆಲ ಬೇಕು? ಬಿದ್ದ ಮಳೆಯಲ್ಲಿ ಹತ್ತರಲ್ಲಿ ಒಂದು ಪಾಲು ಹರಿದು ಬರುತ್ತದೆ ಅನ್ನೋಣ. ಮಣ್ಣು, ಇಳಿಜಾರು, ಗಿಡಗಂಟೆ ನೋಡಿ ಇದು ಹೆಚ್ಚುಕಡಿಮೆ ಆಗುತ್ತದೆ. ಒಂದು ಹೆಕ್ಟೇರಿನಿಂದ 650 ಘನ ಮೀಟರ್ ಸಿಗುತ್ತದೆ. ಗುಂಡಿ ಒಮ್ಮೆ ತುಂಬಲು ಏಳೂವರೆ ಹೆಕ್ಟೇರಿನಷ್ಟು, ಅಂದರೆ ಹದಿನೆಂಟು ಎಕರೆಗೂ ಮೀರಿದ ನೆಲದ ನೀರು ಅದರ ಕಡೆಗೇ ಇಳಿಯಬೇಕು. ನಿಮ್ಮ ಗುಂಡಿ ಇರುವುದು ದಿಬ್ಬದ ಮೇಲೆ. ಅಲ್ಲಿಂದ ನೀರು ಬೇರೆ ಕಡೆಗೆ ಹೋಗುತ್ತದೆ. ಅದೂ ಸಾಲದೆಂದು ತೋಡಿದ ಮಣ್ಣನ್ನು ನಾಲ್ಕೂ ಕಡೆ ಹಾಕಿದ್ದಾರೆ. ಏರಿ ಇರಬೇಕಾದದ್ದು ಇಳಿಜಾರಿನ ಕೆಳಗಡೆ ಮಾತ್ರ. ಮೇಲ್ಗಡೆ ಹಾಕಿದರೆ ಅದು ಬರುವ ನೀರಿಗೇ ತಡೆ. ಗುಂಡಿ ತೋಡಿ, ಒಳಗೆ ನೀರು ಬರದಂತೆ ಬೇಲಿ ಹಾಕಿದಂತಾಗಿದೆ. ಇದನ್ನು ನಾನು ಎಷ್ಟೋ ಊರುಗಳಲ್ಲಿ ನೋಡಿದ್ದೇನೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಅಷ್ಟೇ ಡೀಸೆಲ್, ಅಷ್ಟೇ ದುಡ್ಡು ಸರಿಯಾದ ಜಾಗದಲ್ಲಿ ಬಿದ್ದಿದ್ದರೆ ಕುರಿ ದನಗಳಿಗೆ ಬೇಸಿಗೆಯವರೆಗೂ ನೀರಾಗುತ್ತಿತ್ತು.

ಇನ್ನೊಂದು ಕಾರಣ ತಳದಲ್ಲಿರಬಹುದು. ನಿಮ್ಮ ಕಡೆ ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಬಂಡೆ. ಮೂರು ಮೀಟರ್ ತೋಡಿದರೆ ಬಹಳ ಕಡೆ ಗರಸಿಗೆ ಇಳಿದಿರುತ್ತೀರಿ. ಗರಸು ಜರಡಿ ಇದ್ದ ಹಾಗೆ. ಹಳೇ ಕೆರೆಯ ತಳದಲ್ಲಿ ನೂರಾರು ವರ್ಷ ಸಣ್ಣ ಜೇಡಿ ಕೂತು ಕೂತು ಸಂದುಗಳನ್ನು ಮುಚ್ಚಿದೆ. ಜೊತೆಗೆ ಅದು ಕಣಿವೆಯ ತಗ್ಗಿನಲ್ಲಿದೆ, ಅಲ್ಲಿ ಅಂತರ್ಜಲವೂ ಹತ್ತಿರ. ಹಾಗಾಗಿ ಇಂಗುವುದು ನಿಧಾನ. ಸುತ್ತ ಕೊಳವೆಬಾವಿಗಳು ಜಾಸ್ತಿಯಾಗಿ ಅಂತರ್ಜಲ ಆಳಕ್ಕೆ ಹೋದರೆ ಹಳೇ ಕೆರೆಯೂ ಬೇಗ ಇಂಗತೊಡಗುತ್ತದೆ.

ಇದೇ ಕಾರಣಕ್ಕೆ ಒಂದು ಎಚ್ಚರಿಕೆ. ಹಳೇ ಕೆರೆಯ ಹೂಳು ತೆಗೆಯುವ ಮಾತು ನಿಮ್ಮೂರಲ್ಲೂ ಬರಬಹುದು. ಹೂಳು ತೆಗೆಯಬೇಕು, ನಿಜ. 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಜಲಾಶಯದಲ್ಲಿ ಮೊದಲು ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು, ಈಗ ಸುಮಾರು 105. ಉಳಿದ ಜಾಗವನ್ನು ಹೂಳು ತಿಂದಿದೆ. ಸಣ್ಣ ಕೆರೆಗಳ ಗತಿಯೂ ಅದೇ. ಆದರೆ ಆಳ ಮಾಡಿದಷ್ಟೂ ಒಳ್ಳೆಯದು ಎಂದು ಜೆಸಿಬಿಯಲ್ಲಿ ಬಗೆಯುತ್ತಾ ಹೋದರೆ ತಳದ ಜೇಡಿ ಪದರವೇ ಕಿತ್ತುಹೋಗುತ್ತದೆ. ಆಮೇಲೆ ಕೆರೆ ನೀರು ಹಿಡಿಯುವುದಿಲ್ಲ. ಹಿಂದೆ ರೈತರು ಬೇಸಿಗೆಯಲ್ಲಿ ಬಂಡಿ ಹೂಡಿ ಮೇಲಿನ ಗೋಡುಮಣ್ಣನ್ನು ಮಾತ್ರ ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಗೊಬ್ಬರ, ಕೆರೆಗೆ ಜಾಗ. ಏರಿಯ ಬುಡದ ಹತ್ತಿರ ಮಣ್ಣು ತೆಗೆಯಲು ಮಾತ್ರ ಯಾರನ್ನೂ ಬಿಡಬೇಡಿ. ಏರಿ ನಿಂತಿರುವುದೇ ಅದರ ಮೇಲೆ.

ತೋಡಿದ ಕೆರೆಯೇ ಇಲ್ಲವೇ ಅಂದರೆ, ಇದೆ. ಮಲೆನಾಡು, ಕರಾವಳಿಯಲ್ಲಿ ಅಡಿಕೆ ತೋಟದ ತಲೆಗೆ ತೋಡಿದ ಕೊಳವನ್ನೇ ಕೆರೆ ಅನ್ನುತ್ತಾರೆ. ಅಲ್ಲಿ ಅಂತರ್ಜಲ ಮೇಲೆಯೇ ಇರುತ್ತದೆ, ತೋಡಿದರೆ ಊಟೆ ಒಡೆದು ತುಂಬುತ್ತದೆ. ಆ ಊರಿಗೆ ಅದು ಸರಿ, ನಿಮ್ಮೂರಿಗೆ ಅಲ್ಲ. ಕಲ್ಲುಕ್ವಾರಿಗಳಲ್ಲಿ ನಿಲ್ಲುವ ನೀರೂ ತೋಡಿದ್ದರಿಂದ ಆದದ್ದೇ. ಕೆರೆಗೆ ಇರುವ ಇಳಿಜಾರಿನ ದಂಡೆ ಅದಕ್ಕಿಲ್ಲ, ಅಂಚಿನಿಂದಲೇ ಆಳ. ಮಕ್ಕಳನ್ನು ಆ ಕಡೆ ಬಿಡಬೇಡಿ.

ಮನುಷ್ಯರು ಬೇಕೆಂದು ಮಾಡದೆಯೂ ಕೆರೆ ಆದದ್ದುಂಟು. 1905ರಲ್ಲಿ ಕೊಲರಾಡೋ ನದಿಯ ನೀರು ನೀರಾವರಿ ಕಾಲುವೆಗೆ ಮಾಡಿದ್ದ ಬಾಯಿಯನ್ನು ಮುರಿದು ನುಗ್ಗಿತು. 1907ರವರೆಗೆ ಅದನ್ನು ಮುಚ್ಚಲು ಆಗಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಮುದ್ರಮಟ್ಟಕ್ಕಿಂತ ಕೆಳಗಿದ್ದ ಒಣ ಬಯಲೊಂದು ತುಂಬಿ ಸಾಲ್ಟನ್ ಸೀ ಎಂಬ ಸರೋವರವೇ ಆಯಿತು. ಹೊರಗೆ ಹೋಗಲು ದಾರಿಯಿಲ್ಲದ ಅದು ಈಗ ಸಮುದ್ರಕ್ಕಿಂತ ಉಪ್ಪು. ಬೆಂಗಳೂರಿನಲ್ಲಿ ಇದರ ಉಲ್ಟಾ ನಡೆಯಿತು. ಕೆರೆ ಹೋಯಿತು, ತಗ್ಗು ಉಳಿಯಿತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಬಂತು. ಊರು ಬೆಳೆಯುತ್ತಾ ಎಷ್ಟೋ ಕಡೆ ಕೆರೆಯಿಂದ ಕೆರೆಗೆ ನೀರು ಒಯ್ಯುವ ರಾಜಕಾಲುವೆಗಳ ಮೇಲೂ ಮನೆ ಬಂದವು. ದೊಡ್ಡ ಮಳೆ ಬಂದಾಗ ನೀರು ಹಳೇ ದಾರಿಯನ್ನೇ ಹುಡುಕಿಕೊಂಡು ಬರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತಮುತ್ತ ದೋಣಿ, ಟ್ರ್ಯಾಕ್ಟರುಗಳಲ್ಲಿ ಜನರನ್ನು ಸಾಗಿಸಿದ್ದನ್ನು ಟಿವಿಯಲ್ಲಿ ನೋಡಿರುತ್ತೀರಿ.

ಈಗ ನೀವು ಮಾಡಬಹುದಾದದ್ದು. ಮುಂದಿನ ಜೋರು ಮಳೆಯ ದಿನ ಕೊಡೆ ಹಿಡಿದು ಗುಂಡಿಯ ಹತ್ತಿರ ಹೋಗಿ ನಿಲ್ಲಿ. ಸಿಡಿಲು ಇದ್ದರೆ ಬೇಡ, ಮಳೆ ನಿಂತ ತಕ್ಷಣ ಹೋಗಿ. ನೀರು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತಿದೆ ನೋಡಿ, ಕಲ್ಲಿಟ್ಟು ಗುರುತು ಮಾಡಿ. ಮೇಲ್ಗಡೆಯ ಮಣ್ಣಿನ ದಿಬ್ಬ ನೀರನ್ನು ತಡೆದಿದ್ದರೆ ಅದನ್ನು ಒಡೆದು ಬಾಯಿ ಮಾಡಿಸಲು ಪಂಚಾಯಿತಿಯಲ್ಲಿ ಕೇಳಿ. ಬಾಯಿಗೆ ಕಲ್ಲು ಹಾಸಿ, ಮುಂದೆ ಹೂಳು ನಿಲ್ಲಲು ಒಂದು ಸಣ್ಣ ಗುಂಡಿ ಮಾಡಿಸಿ. ಕೆಳಗಿನ ಏರಿಯ ತುದಿಯಲ್ಲಿ ಕೋಡಿಗೆ ಜಾಗ ಬಿಡಿಸುವುದನ್ನು ಮರೆಯಬೇಡಿ. ನೀರು ಬಂದೂ ನಿಲ್ಲದಿದ್ದರೆ ಬೇಸರ ಬೇಡ. ಅದು ಕೆಳಗಿನ ಬಾವಿಗಳಿಗೆ ಇಂಗುತ್ತಿರಬಹುದು. ಹತ್ತಿರದ ತೆರೆದ ಬಾವಿಯ ನೀರಿನ ಮಟ್ಟವನ್ನು ಮಳೆಗಾಲದ ಮೊದಲು ಒಮ್ಮೆ, ಆಮೇಲೆ ಒಮ್ಮೆ ಹಗ್ಗ ಇಳಿಸಿ ಅಳೆದಿಡಿ. ಈ ಕೆಲಸ ಮಗಳಿಗೆ ಕೊಡಬೇಡಿ, ನೀವೇ ಮಾಡಿ. ಬರೆದಿಡುವುದು ಅವಳ ಪಾಲಿಗಿರಲಿ.

ತಳದ ಮಣ್ಣಿನ ಪರೀಕ್ಷೆಯನ್ನು ಅವಳೇ ಮಾಡಬಹುದು. ಗುಂಡಿಯ ತಳದಿಂದ ಒಂದು ಹಿಡಿ, ಹಳೇ ಕೆರೆಯಂಗಳದಿಂದ ಒಂದು ಹಿಡಿ ಮಣ್ಣು ತನ್ನಿ. ಎರಡನ್ನೂ ಬೇರೆ ಬೇರೆಯಾಗಿ ನೀರು ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ಕಲಸಿ. ಅಂಗೈಯಲ್ಲಿ ಹೊಸೆದು ಪೆನ್ಸಿಲ್ ದಪ್ಪದ ಬತ್ತಿ ಮಾಡಿ, ಬಳೆಯಂತೆ ಬಗ್ಗಿಸಿ. ಬಿರುಕು ಬಿಡದೆ ಬಳೆಯಾದರೆ ಜೇಡಿ ಚೆನ್ನಾಗಿದೆ, ನೀರು ಹಿಡಿಯುತ್ತದೆ. ಬತ್ತಿಯೇ ಬರದೆ ಉದುರಿದರೆ ಗರಸು, ಮರಳು ಜಾಸ್ತಿ. ಎರಡನೆಯದಾದರೆ ಹಳೇ ಕೆರೆಯಿಂದ ತೆಗೆಯುವ ಮೇಲಿನ ಗೋಡನ್ನೇ ಗುಂಡಿಯ ತಳಕ್ಕೆ ಒಂದಡಿ ಹಾಕಿಸಿ, ಒದ್ದೆ ಮಾಡಿ, ಮಳೆಗಾಲಕ್ಕೆ ಮೊದಲು ಕುರಿಮಂದೆಯನ್ನು ಎರಡು ಮೂರು ದಿನ ಅದರ ಮೇಲೆ ಓಡಾಡಿಸಿ. ಕುರಿಯ ಗೊರಸು ಸಣ್ಣದು, ಮಣ್ಣನ್ನು ಚೆನ್ನಾಗಿ ತುಳಿಯುತ್ತದೆ. ಎರಡು ಬಳೆಗಳ ಫೋಟೋ ತೆಗೆದು, ಬಾವಿಯ ಅಳತೆಯ ಜೊತೆ ನನಗೆ ಬರೆಯಿರಿ. ಕೋಡಿ ಎಷ್ಟು ಅಗಲ ಬೇಕು ಎಂದು ಆಗ ಲೆಕ್ಕ ಹಾಕಿ ಹೇಳುತ್ತೇನೆ.